ಸೈನ್‌ಬೋರ್ಡ್ ಅಂಗಡಿಗೆ ಮೊದಲ ಯುವಿ ಫ್ಲಾಟ್‌ಬೆಡ್: ಸರ್ವಿಸ್ ಇಂಜಿನಿಯರ್ ಜೊತೆ ಪ್ರಶ್ನೋತ್ತರ

ಇಂಜಿನಿಯರ್: ನಮಸ್ಕಾರ. ನಾನು ಯುವಿ ಫ್ಲಾಟ್‌ಬೆಡ್ ಪ್ರಿಂಟರ್ ರಿಪೇರಿ ಮಾಡುವವನು, ಮಾರುವವನಲ್ಲ. ಚಪ್ಪಟೆ ಬೆಡ್ಡಿನ ಮೇಲೆ ಶೀಟ್ ಇಟ್ಟು ನೇರವಾಗಿ ಪ್ರಿಂಟ್ ಮಾಡಿ, ಯುವಿ (ಅತಿನೇರಳೆ) ಬೆಳಕಿನಿಂದ ಇಂಕು ಗಟ್ಟಿ ಮಾಡುವ ಮಷಿನ್ ಅದು. ಯಾವ ಕಂಪನಿಯ ಕಮಿಷನ್ನೂ ನನಗಿಲ್ಲ. ಕೇಳುವಾಗ ನಾಲ್ಕು ವಿಷಯ ಬರೆಯಿರಿ: ಯಾವುದರ ಮೇಲೆ ಪ್ರಿಂಟ್ ಮಾಡುತ್ತೀರಿ, ತಿಂಗಳಿಗೆ ಎಷ್ಟು ಚದರಡಿ, ಜಾಗ ಎಷ್ಟಿದೆ, ಕರೆಂಟ್ ಹೇಗಿದೆ. ಇಷ್ಟು ಗೊತ್ತಿಲ್ಲದೆ ಮಷಿನ್ ಹೇಳುವುದು ನನಗೆ ಆಗುವುದಿಲ್ಲ.

ಹಾವೇರಿ: ಸರ್, ನಮ್ಮದು ಫ್ಲೆಕ್ಸ್, ವಿನೈಲ್ ಅಂಗಡಿ. 2024ರಲ್ಲಿ ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು ಅನ್ನುವ ಕಾನೂನು ಬಂದ ಮೇಲೆ ಹಳೇ ಬೋರ್ಡ್ ಬದಲಿಸುವ ಕೆಲಸ ಜಾಸ್ತಿ ಆಯಿತು. ಈಗ ಎಸಿಪಿ (ಎರಡು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ಇರುವ) ಶೀಟಿನ ಮೇಲೆ ವಿನೈಲ್ ಅಂಟಿಸಿ ಕೊಡುತ್ತೇವೆ. ನೇರವಾಗಿ ಪ್ರಿಂಟ್ ಮಾಡಿದರೆ ಚೆನ್ನಾಗಿ ಬರುತ್ತೆ ಅಂತ ಆಸೆ. 6090 ಮಷಿನ್‌ಗೆ ಆರೂವರೆ ಲಕ್ಷ ಹೇಳಿದ್ದಾರೆ. 2513 ಅದರ ಮೂರು ನಾಲ್ಕು ಪಟ್ಟು. ತಿಂಗಳಿಗೆ ಹತ್ತಿರ ಹತ್ತಿರ 700 ಚದರಡಿ ಕೆಲಸ ಇದೆ. ಮೊದಲು ಯಾವುದು ತಗೊಳ್ಳಲಿ?

ಇಂಜಿನಿಯರ್: ಪ್ರಶ್ನೆ ಸರಿಯಾಗಿ ಕೇಳಿದ್ದೀರಿ, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. 6090 ಅಂದರೆ 60 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಉದ್ದ. ನಿಮ್ಮ 8×4 ಎಸಿಪಿ ಶೀಟು 244×122 ಸೆಂಟಿಮೀಟರ್. ಅದು ಈ ಮಷಿನ್ ಮೇಲೆ ಕೂರುವುದೇ ಇಲ್ಲ. ತುಂಡು ಮಾಡಿ ಪ್ರಿಂಟ್ ಮಾಡಿದರೆ ಅಂಗಡಿ ಬೋರ್ಡಿನ ಮಧ್ಯೆ ಜಾಯಿಂಟ್ ಕಾಣುತ್ತದೆ, ಗಿರಾಕಿ ಒಪ್ಪುವುದಿಲ್ಲ. ಮಾರುವವರು ಇದನ್ನು ಮೊದಲು ಹೇಳುವುದಿಲ್ಲ, ಟೈಲ್ಸ್ ಮೇಲೆ ದೇವರ ಫೋಟೋ ಪ್ರಿಂಟ್ ಮಾಡಿ ತೋರಿಸುತ್ತಾರೆ. 6090 ಇರುವುದು ನೇಮ್ ಪ್ಲೇಟ್, ಮನೆ ನಂಬರ್, ಮೆಮೆಂಟೊ, ಫೋಟೋ ಫ್ರೇಮ್, ಅಕ್ರಿಲಿಕ್ ತುಂಡುಗಳಿಗೆ. ಆ ಕೆಲಸ ನಿಮ್ಮಲ್ಲಿದ್ದರೆ ಒಳ್ಳೆಯ ಮಷಿನ್. ಅಂಗಡಿ ಬೋರ್ಡಿಗೆ 2513 ಬೇಕು. ಎರಡೂವರೆ ಮೀಟರ್ ಉದ್ದ, 1.3 ಮೀಟರ್ ಅಗಲದ ಬೆಡ್ಡು, ಪೂರ್ತಿ ಶೀಟು ಹಿಡಿಯುತ್ತದೆ.

ಆದರೆ 700 ಚದರಡಿಗೆ 2513 ತಗೊಳ್ಳಬೇಡಿ. ಲೆಕ್ಕ ಹಾಕಿ ನೋಡಿ. ತಿಂಗಳ ಕಂತು 32,000 ಬಂತು ಅನ್ನೋಣ. ಇಂಕು, ಕರೆಂಟು, ಹಾಳಾದ ಶೀಟು ಎಲ್ಲ ಕಳೆದು ಚದರಡಿಗೆ 20 ರೂಪಾಯಿ ಉಳಿದರೆ ಬರೀ ಕಂತಿಗೇ 1,600 ಚದರಡಿ ಬೇಕು. ಅಂದರೆ ತಿಂಗಳಿಗೆ 50 ಪೂರ್ತಿ ಶೀಟು. ಅದಾದ ಮೇಲೆ ಆಪರೇಟರ್ ಸಂಬಳ, ಆಮೇಲೆ ಹೆಡ್ಡಿಗೆ, ಅಂದರೆ ಇಂಕು ಚಿಮ್ಮುವ ಭಾಗಕ್ಕೆ, ಅಂತ ಎತ್ತಿಡುವ ದುಡ್ಡು. ಸದ್ಯಕ್ಕೆ ಹುಬ್ಬಳ್ಳಿಯಲ್ಲಿ ಜಾಬ್ ವರ್ಕ್ ಮಾಡಿಸಿ. ಆರು ತಿಂಗಳು ಒಂದು ನೋಟ್‌ಬುಕ್ ಇಡಿ. ಯಾವ ಅಳತೆ, ಯಾವ ಶೀಟು, ಹೊರಗೆ ಎಷ್ಟು ಕೊಟ್ಟಿರಿ, ಎಷ್ಟು ಕೆಲಸ ತಡವಾಗಿ ಕೈತಪ್ಪಿತು, ಎಲ್ಲ ಬರೆಯಿರಿ. ಹೊರಗೆ ಕೊಡುವ ದುಡ್ಡು ಕಂತನ್ನು ದಾಟಿದ ಮೇಲೆ ಮಷಿನ್ ಮಾತಾಡೋಣ. ಆ ನೋಟ್‌ಬುಕ್ ನೋಡಿದರೆ ಯಾವ ಅಳತೆಯ ಮಷಿನ್ ಬೇಕು ಅಂತ ನೀವೇ ಹೇಳುತ್ತೀರಿ.

ಹಾವೇರಿ: ತುಂಬಾ ಥ್ಯಾಂಕ್ಸ್ ಸರ್. ಅಡ್ವಾನ್ಸ್ ಕೊಡುವುದರಲ್ಲಿದ್ದೆ, ನಿಲ್ಲಿಸಿದೆ.

ತುಮಕೂರು: ಎಕ್ಸ್‌ಪಿ600 ಹೆಡ್ಡಾ, ಐ3200 ಹೆಡ್ಡಾ? ರಿಕೋ ಜೆನ್5 ಅಂತಲೂ ಹೇಳುತ್ತಿದ್ದಾರೆ. ಬೆಲೆಯಲ್ಲಿ ಅಷ್ಟು ವ್ಯತ್ಯಾಸ ಯಾಕೆ?

ಇಂಜಿನಿಯರ್: ಎಕ್ಸ್‌ಪಿ600 ಎಪ್ಸನ್ ಕಂಪನಿಯ ಮೇಜಿನ ಮೇಲಿಡುವ ಪ್ರಿಂಟರ್‌ಗೆ, ನೀರಿನ ಇಂಕಿಗೆ ಮಾಡಿದ ಹೆಡ್. ಅದನ್ನು ಬೇರೆಯವರು ಯುವಿ ಇಂಕಿಗೆ ಬಳಸುತ್ತಿದ್ದಾರೆ. ಅಗ್ಗ, ಸಿಗುತ್ತದೆ, ಹೋದರೆ ಬಿಸಾಕಿ ಹೊಸದು ಹಾಕಬೇಕು. ಅದನ್ನು ಖರ್ಚಿನ ಸಾಮಾನು ಅಂತಲೇ ಲೆಕ್ಕ ಹಿಡಿಯಿರಿ. ಐ3200 ಎಪ್ಸನ್‌ನವರೇ ಬೇರೆ ಮಷಿನ್ ತಯಾರಕರಿಗೆ ಅಂತ ಮಾಡಿದ್ದು, 3200 ನಾಝಲ್, ಅಂದರೆ ಇಂಕು ಚಿಮ್ಮುವ ಸಣ್ಣ ತೂತು. ಅದರಲ್ಲೂ ಎ1, ಇ1, ಯು1 ಅಂತ ಇವೆ. ಎ1 ನೀರಿನ ಇಂಕಿಗೆ, ಇ1 ಇಕೋ ಸಾಲ್ವೆಂಟಿಗೆ, ಯು1 ಯುವಿಗೆ. ಬಿಲ್ಲಿನಲ್ಲಿ ಯು1 ಅಂತ ಬರೆಸಿಕೊಳ್ಳಿ. ಸುಮ್ನೆ "ಐ3200" ಅಂತ ಬರೆದರೆ ಒಪ್ಪಬೇಡಿ. ರಿಕೋ ಜೆನ್5 ಸ್ಟೀಲಿನ ಹೆಡ್, 1280 ನಾಝಲ್, ದಿನವಿಡೀ ಓಡುವ ಕಾರ್ಖಾನೆ ಕೆಲಸಕ್ಕೆ ಮಾಡಿದ್ದು. ಚೆನ್ನಾಗಿ ನೋಡಿಕೊಂಡರೆ ವರ್ಷಗಟ್ಟಲೆ ಬರುತ್ತದೆ. ಬೆಡ್ಡಿಗೆ ಹೆಡ್ ಒಂದು ಸಲ ಬಡಿದರೆ ಅಷ್ಟೂ ದುಡ್ಡು ಹೋಯಿತು. ಬಗ್ಗಿದ ಸನ್‌ಬೋರ್ಡ್ (ಪಿವಿಸಿ ಫೋಮ್ ಶೀಟ್) ಹಾಕುವವರು ಇದನ್ನು ನೆನಪಿಡಿ. ಹೆಡ್ಡಿನ ಎರಡೂ ಕಡೆ ಆ್ಯಂಟಿ ಕ್ರ್ಯಾಶ್ ಸೆನ್ಸರ್ ಇಲ್ಲದ ಮಷಿನ್ ಬೇಡ.

ರಾಯಚೂರು: ಸರ್ ಎಕ್ಸ್‌ಪಿ600 ಚೆನ್ನಾಗಿದೆಯಾ?

ಇಂಜಿನಿಯರ್: ಮೇಲೆ ಬರೆದಿದ್ದೇನೆ, ಓದಿ.

ಕಲಬುರಗಿ: ನಮ್ಮಲ್ಲಿ ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತೆ. ಶೆಡ್ಡಿಗೆ ತಗಡಿನ ಛಾವಣಿ. ಮಷಿನ್ ಇಡಬಹುದಾ?

ಇಂಜಿನಿಯರ್: ತಗಡಿನ ಶೆಡ್ಡಿನಲ್ಲಿ ಹಾಗೇ ಇಡಬೇಡಿ. ಒಳಗೆ ಒಂದು ರೂಮ್ ಮಾಡಿ, ಎಸಿ ಹಾಕಿ, ಕಿಟಕಿಗೆ ಕಪ್ಪು ಪರದೆ ಹಾಕಿ. ಬಿಸಿಲಿನಲ್ಲೂ ಯುವಿ ಇದೆ. ನೇರ ಬಿಸಿಲು ಹೆಡ್ಡಿಗೆ ತಾಗಿದರೆ ನಾಝಲ್ ಒಳಗೇ ಇಂಕು ಗಟ್ಟಿಯಾಗುತ್ತದೆ. ಬಿಳಿ ಇಂಕಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಪುಡಿ ಇರುತ್ತದೆ, ಅದು ದ್ರವಕ್ಕಿಂತ ಸುಮಾರು ನಾಲ್ಕು ಪಟ್ಟು ಭಾರ, ನಿಂತರೆ ತಳಕ್ಕೆ ಇಳಿಯುತ್ತದೆ. ಅದಕ್ಕೇ ರಾತ್ರಿಯೂ ಸರ್ಕ್ಯುಲೇಷನ್ ಪಂಪ್ ಓಡುತ್ತಿರಬೇಕು. ಹಾಗಾಗಿ ಯುಪಿಎಸ್ ಬೇಕೇ ಬೇಕು. ಅರ್ಥಿಂಗ್ ಬೇರೆ ಹಾಕಿಸಿ. ಕಲಬುರಗಿಯ ಒಣ ಹವೆಯಲ್ಲಿ ಶೀಟಿನ ಪ್ಲಾಸ್ಟಿಕ್ ಎಳೆದ ಕೂಡಲೇ ಸ್ಟ್ಯಾಟಿಕ್ ಕರೆಂಟ್ ಬರುತ್ತದೆ, ಇಂಕಿನ ಹನಿ ಅಕ್ಕಪಕ್ಕಕ್ಕೆ ಹಾರುತ್ತದೆ. ರೂಮಿನ ತೇವಾಂಶ ಶೇ 40ರಿಂದ 60ರ ನಡುವೆ ಇರಲಿ.

ಕೊಪ್ಪಳ: ಫಾರ್ವರ್ಡ್ ಬಂದಿದ್ದು, ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕುತ್ತಿದ್ದೇನೆ: "ಹೆಡ್ ಬ್ಲಾಕ್ ಆದರೆ 40,000 ಖರ್ಚು ಮಾಡಬೇಡಿ. ನೇಲ್ ಪಾಲಿಶ್ ರಿಮೂವರ್ ಅರ್ಧ, ಬಿಸಿನೀರು ಅರ್ಧ ಸೇರಿಸಿ ಹೆಡ್ ಅನ್ನು ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಹೊಸದರಂತೆ ಓಡುತ್ತದೆ."

ಇಂಜಿನಿಯರ್: ಇದನ್ನು ದಯವಿಟ್ಟು ಮಾಡಬೇಡಿ. ನೇಲ್ ಪಾಲಿಶ್ ರಿಮೂವರ್ ಅಂದರೆ ಹೆಚ್ಚಿನವು ಅಸಿಟೋನ್. ಹೆಡ್ಡಿನ ಪದರಗಳನ್ನು ಹಿಡಿದಿಟ್ಟಿರುವ ಅಂಟನ್ನೇ ಅದು ಕರಗಿಸುತ್ತದೆ. ಯುವಿ ಇಂಕಿಗೆ ನೀರು ಸೇರುವುದಿಲ್ಲ. ಇಂಕ್ ಕಂಪನಿಯವರು ಕೊಡುವ ಫ್ಲಶ್ ದ್ರವ ಮಾತ್ರ ಬಳಸಿ. ನಾಝಲ್ ಒಳಗೆ ಬೆಳಕು ಬಿದ್ದು ಗಟ್ಟಿಯಾದ ಇಂಕು ಯಾವ ನೀರಿಗೂ ಕರಗುವುದಿಲ್ಲ.

ಕೊಪ್ಪಳ: ಸರ್, ನಮ್ಮ ಪರಿಚಯದವರಿಗೆ ವರ್ಕ್ ಆಗಿದೆ.

ಇಂಜಿನಿಯರ್: ಎಷ್ಟು ದಿನ ಓಡಿತು ಅಂತ ಅವರನ್ನೇ ಕೇಳಿ ಇಲ್ಲಿ ಬರೆಯಿರಿ.

ಚಿಕ್ಕಮಗಳೂರು: ಹೋಮ್‌ಸ್ಟೇಗಳಿಗೆ ಮರದ ಬೋರ್ಡ್ ಕೊಡುತ್ತೇವೆ. ಪ್ರಿಂಟ್ ಆದ ಮೇಲೆ ಪಾಲಿಶ್ ಹೊಡೆಯಬಹುದಾ, ಮೊದಲೇ ಹೊಡೆಯಬೇಕಾ?

ಕುಂದಾಪುರ: ಸರ್, ನಾವು ಮಷಿನ್ ತಗೊಂಡಾಗಿದೆ, 2513. ಅಕ್ರಿಲಿಕ್, ಸನ್‌ಬೋರ್ಡ್ ಮೇಲೆ ಏನೂ ತೊಂದರೆ ಇಲ್ಲ. ಎಸಿಪಿ ಬೋರ್ಡ್ ಮಾತ್ರ ಒಂದೇ ಮಳೆಗಾಲಕ್ಕೆ ಇಂಕು ಸಿಪ್ಪೆಯ ಹಾಗೆ ಎದ್ದು ಬಂತು. ವಿಚಿತ್ರ ಅಂದರೆ ಎಲ್ಲ ಬೋರ್ಡಲ್ಲ. ಒಳ್ಳೆಯ ದುಬಾರಿ ಶೀಟಿನದೇ ಹೋಗಿದೆ, ಅಗ್ಗದ ಶೀಟಿನದು ಗಟ್ಟಿ ಇದೆ. ಮಷಿನ್‌ನವರು ಇಂಕ್ ತಪ್ಪು ಅಂತಾರೆ, ಇಂಕ್‌ನವರು ಇಂಕು ಗಟ್ಟಿ ಮಾಡುವ ಯುವಿ ಲ್ಯಾಂಪ್ ತಪ್ಪು ಅಂತಾರೆ.

ಇಂಜಿನಿಯರ್: ನಿಮ್ಮ ಗಮನಿಕೆಯಲ್ಲೇ ಉತ್ತರ ಇದೆ. ಹೊರಗಿನ ಗೋಡೆಗೆ ಅಂತ ಮಾಡುವ ದುಬಾರಿ ಎಸಿಪಿಗೆ ಪಿವಿಡಿಎಫ್ ಅನ್ನುವ ಫ್ಲೋರಿನ್ ಪೇಂಟ್ ಹೊಡೆದಿರುತ್ತಾರೆ. ಬಿಸಿಲಿಗೆ ಬಣ್ಣ ಹೋಗಬಾರದು, ಕೊಳೆ ಹಿಡಿಯಬಾರದು ಅಂತ. ಕೊಳೆ ಹಿಡಿಯದ್ದಕ್ಕೆ ನಿಮ್ಮ ಇಂಕೂ ಹಿಡಿಯುವುದಿಲ್ಲ. ಅಗ್ಗದ ಶೀಟಿಗೆ ಪಾಲಿಯೆಸ್ಟರ್ ಪೇಂಟ್, ಅದಕ್ಕೆ ಇಂಕು ಚೆನ್ನಾಗಿ ಕಚ್ಚುತ್ತದೆ. ಮಷಿನ್ನೂ ಸರಿ ಇರಬಹುದು, ಲ್ಯಾಂಪೂ ಸರಿ ಇರಬಹುದು.

ಹೀಗೆ ಮಾಡಿ. ಪ್ರತಿ ಹೊಸ ಶೀಟಿನಿಂದ ಒಂದು ತುಂಡು ತೆಗೆದು ಪ್ರಿಂಟ್ ಮಾಡಿ, ಒಂದು ದಿನ ಬಿಡಿ. ಬ್ಲೇಡಿನಿಂದ ಅಡ್ಡ ಉದ್ದ ಚೌಕ ಚೌಕ ಗೀರಿ, ಗಟ್ಟಿ ಟೇಪ್ ಅಂಟಿಸಿ ಜೋರಾಗಿ ಎಳೆಯಿರಿ. ಚೌಕಗಳು ಟೇಪಿಗೆ ಬಂದರೆ ಆ ಶೀಟ್ ಹಾಗೇ ಬಳಸಬೇಡಿ. ಇದೇನೂ ನಾನು ಕಂಡುಹಿಡಿದದ್ದಲ್ಲ, ಪೇಂಟ್ ಉದ್ಯಮದ ಮಾನ್ಯ ಪರೀಕ್ಷೆ, ಐಎಸ್‌ಒ 2409. ನಿಮ್ಮದು ಕರಾವಳಿ. ಇನ್ನೊಂದು ತುಂಡನ್ನು ಎರಡು ದಿನ ನೀರಿನಲ್ಲಿ ಮುಳುಗಿಸಿ, ಒರೆಸಿ, ಅದೇ ಪರೀಕ್ಷೆ ಮಾಡಿ. ಒಣಗಿದ್ದಾಗ ಪಾಸ್ ಆಗಿ ನೆನೆದಾಗ ಫೇಲ್ ಆಗುವ ಶೀಟುಗಳು ಬೇಕಾದಷ್ಟಿವೆ, ಮಳೆಗಾಲದಲ್ಲಿ ನಿಮಗೆ ಕೈಕೊಟ್ಟಿದ್ದು ಅದೇ ಇರಬೇಕು. ಮೇಲಿನ ಪ್ಲಾಸ್ಟಿಕ್ ಎಳೆದ ಮೇಲೆ ಅದರ ಅಂಟು ಉಳಿದಿರುತ್ತದೆ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಪ್ರೈಮರ್ ಹಾಕುವುದಾದರೆ ಅದಕ್ಕೂ ಇದೇ ಪರೀಕ್ಷೆ. ಶೀಟ್ ತರುವಾಗ ಕೋಟಿಂಗ್ ಯಾವುದು ಅಂತ ಕೇಳಿ ಬರೆಸಿಕೊಳ್ಳಿ.

ಮಷಿನ್ ಆರಿಸುವವರಿಗೂ ಇದನ್ನೇ ಹೇಳುತ್ತೇನೆ. ಡೆಮೊ ನೋಡಲು ನಿಮ್ಮ ಶೀಟ್ ನೀವೇ ಹೊತ್ತುಕೊಂಡು ಹೋಗಿ, ಪ್ರಿಂಟ್ ಮಾಡಿದ ತುಂಡನ್ನು ವಾಪಸ್ ತನ್ನಿ, ಮನೆಯಲ್ಲಿ ಪರೀಕ್ಷೆ ಮಾಡಿ. ಅವರ ಶೀಟ್ ಮೇಲೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಕುಂದಾಪುರ: ಶೀಟ್ ಅಂಗಡಿಯವರನ್ನು ಈಗಷ್ಟೇ ಕೇಳಿದೆ. ಪಿವಿಡಿಎಫ್ ಹೌದು ಸರ್. ಇಷ್ಟು ದಿನ ಯಾರೂ ಹೇಳಲಿಲ್ಲ.

ಹುಬ್ಬಳ್ಳಿ: ನನ್ನ ಅಭಿಪ್ರಾಯ ಏನಂದರೆ ಚೀನಾ ಮಷಿನ್ ತಗೊಳ್ಳಲೇಬಾರದು. ಮಿಮಾಕಿ, ರೋಲ್ಯಾಂಡ್, ಎಪ್ಸನ್ ಇವೇ ಮಷಿನ್. ಉಳಿದದ್ದೆಲ್ಲ ಕಬ್ಬಿಣ.

ಪೀಣ್ಯ: ದುಡ್ಡಿದ್ದವರು ಹೇಳುವ ಮಾತು. ನಾನು ಚೀನಾ ಮಷಿನ್‌ನಲ್ಲೇ ಸಾಲ ತೀರಿಸಿದೆ. ಜಪಾನ್ ಮಷಿನ್‌ಗೆ ಇಂಕನ್ನೂ ಅವರಿಂದಲೇ ತಗೋಬೇಕು, ಅವರು ಹೇಳಿದ ರೇಟು.

ಹುಬ್ಬಳ್ಳಿ: ಅವರ ಇಂಕಿಗೆ ಅವರೇ ಜವಾಬ್ದಾರಿ. ನಿಮ್ಮ ಬಾಟಲಿ ಇಂಕಿಗೆ ಯಾರು ಜವಾಬ್ದಾರಿ?

ಪೀಣ್ಯ: ನಾನೇ. ನನ್ನ ಮಷಿನ್, ನನ್ನ ದುಡ್ಡು.

ಭದ್ರಾವತಿ: ಸರ್, ಇದು ಮಷಿನ್ ಆರಿಸುವ ಪ್ರಶ್ನೆ ಅಲ್ಲ, ಕ್ಷಮಿಸಿ. ನಮ್ಮಲ್ಲಿ 6090 ಇದೆ. ಇಂಕು ತುಂಬಿಸುವುದು, ಹೆಡ್ ಒರೆಸುವುದು ಎಲ್ಲ ಒಬ್ಬ ಹುಡುಗ ಮಾಡುತ್ತಾನೆ, 20 ವರ್ಷ. ಎರಡು ತಿಂಗಳಿನಿಂದ ಬೆರಳ ಸಂದಿಯಲ್ಲಿ ತುರಿಕೆ, ಸಣ್ಣ ಗುಳ್ಳೆ, ಚರ್ಮ ಒಡೆದಿದೆ. ಈಗ ಕಣ್ಣಿನ ರೆಪ್ಪೆಯೂ ಊದಿಕೊಂಡಿದೆ. ಮೆಡಿಕಲ್ ಶಾಪಿನ ಮುಲಾಮು ಹಚ್ಚಿದಾಗ ಕಡಿಮೆ ಆಗುತ್ತೆ, ಕೆಲಸಕ್ಕೆ ಬಂದರೆ ಮತ್ತೆ ಶುರು. ಇಂಕಿನಿಂದಲೇ ಇರಬಹುದಾ?

ಇಂಜಿನಿಯರ್: ಉಳಿದ ಪ್ರಶ್ನೆ ಆಮೇಲೆ. ಭದ್ರಾವತಿಯವರೇ, ಇದನ್ನು ಪೂರ್ತಿ ಓದಿ.

ಹುಡುಗನನ್ನು ಇವತ್ತಿನಿಂದಲೇ ಇಂಕಿನ ಕೆಲಸದಿಂದ ಬಿಡಿಸಿ. ಕಟಿಂಗ್, ಫಿಟಿಂಗ್, ಡಿಸೈನ್ ಏನಾದರೂ ಕೊಡಿ. ಅವನ ಸಂಬಳ ಕಡಿಯಬೇಡಿ, ತಪ್ಪು ಅವನದಲ್ಲ.

ನಾನು ಡಾಕ್ಟರ್ ಅಲ್ಲ. ಆದರೆ ಈ ಕೆಲಸದಲ್ಲಿ ಇದು ಗೊತ್ತಿರುವ ಕಾಯಿಲೆ. ಯುವಿ ಇಂಕು ಪೇಂಟಿನ ಹಾಗೆ ಒಣಗುವುದಿಲ್ಲ, ಬೆಳಕಿಗೆ ಗಟ್ಟಿಯಾಗುತ್ತದೆ. ಗಟ್ಟಿಯಾಗುವ ಮುಂಚೆ ಅದರಲ್ಲಿ ಅಕ್ರಿಲೇಟ್ ಅನ್ನುವ ರಾಸಾಯನಿಕಗಳಿರುತ್ತವೆ. ಅದು ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಕೆಲವರ ದೇಹ ಅದನ್ನು ವೈರಿ ಅಂತ ಗುರುತು ಹಿಡಿಯುತ್ತದೆ. ಒಮ್ಮೆ ಹಾಗಾದರೆ ಸಾಮಾನ್ಯವಾಗಿ ಆ ಅಲರ್ಜಿ ಜೀವನಪೂರ್ತಿ ಉಳಿಯುತ್ತದೆ. ಆಮೇಲೆ ಒಂದು ಹನಿ ಸಾಕು. ಜೆಲ್ ನೇಲ್ ಪಾಲಿಶ್, ಹಲ್ಲಿಗೆ ತುಂಬುವ ಫಿಲ್ಲಿಂಗ್, ಮೂಳೆ ಆಪರೇಷನ್‌ಗೆ ಬಳಸುವ ಸಿಮೆಂಟ್, ಇವುಗಳಲ್ಲೂ ಇದೇ ಜಾತಿಯ ರಾಸಾಯನಿಕ ಇದೆ. ಅದಕ್ಕೇ ಇದನ್ನು ಬರೀ ಕೈತುರಿಕೆ ಅಂತ ಬಿಡಬಾರದು. ಕಣ್ಣಿನ ರೆಪ್ಪೆ ಊದಿದೆ ಅಂದರೆ ಇಂಕಿನ ಕೈಯಲ್ಲಿ ಮುಖ ಮುಟ್ಟಿಕೊಂಡಿರಬಹುದು, ಗಾಳಿಯಿಂದಲೂ ಬಂದಿರಬಹುದು.

ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಇಂಕಿನ ಸೇಫ್ಟಿ ಡೇಟಾ ಶೀಟ್ ಕೈಯಲ್ಲಿರಲಿ, ಎಸ್‌ಡಿಎಸ್ ಅಂತಾರೆ. ಅದರಲ್ಲಿ ಎಚ್317 ಅಂತ ಇದೆಯಾ ನೋಡಿ, ಚರ್ಮಕ್ಕೆ ಅಲರ್ಜಿ ತರಬಹುದು ಅನ್ನುವುದಕ್ಕೆ ಇರುವ ಗುರುತು ಅದು. ಪ್ಯಾಚ್ ಟೆಸ್ಟ್ (ಚರ್ಮಕ್ಕೆ ಅಂಟಿಸಿ ಅಲರ್ಜಿ ನೋಡುವ ಪರೀಕ್ಷೆ) ಮಾಡಿಸಬೇಕಾ ಅಂತ ಡಾಕ್ಟರನ್ನೇ ಕೇಳಿ.

ಗ್ಲೌಸ್ ಹಾಕುತ್ತಿದ್ದನಾ? ಯಾವುದು? ಬಿಳಿ ಲ್ಯಾಟೆಕ್ಸ್ ಗ್ಲೌಸ್ ಒಳಗಿಂದ ಅಕ್ರಿಲೇಟ್ ಸಲೀಸಾಗಿ ದಾಟುತ್ತದೆ. ನೈಟ್ರೈಲ್ ಬೇಕು. ಅದಕ್ಕೂ ಇಂಕು ತಾಗಿದ ಕೂಡಲೇ ತೆಗೆದು ಬಿಸಾಕಬೇಕು. ತೊಳೆದು ನಾಳೆಗೆ ಇಟ್ಟುಕೊಳ್ಳುವ ಅಭ್ಯಾಸ ಎಲ್ಲ ಅಂಗಡಿಯಲ್ಲೂ ನೋಡಿದ್ದೇನೆ, ಅದು ಗ್ಲೌಸ್ ಇಲ್ಲದ್ದಕ್ಕಿಂತ ಕೆಟ್ಟದ್ದು, ಯಾಕೆಂದರೆ ಇಂಕು ಒಳಗೆ ಕೂತು ಬೆವರಿನ ಜೊತೆ ಗಂಟೆಗಟ್ಟಲೆ ಚರ್ಮಕ್ಕೆ ತಾಗುತ್ತಲೇ ಇರುತ್ತದೆ. ಕೈಗೆ ಇಂಕು ಬಿದ್ದರೆ ಕೂಡಲೇ ಸೋಪು, ನೀರು. ಥಿನ್ನರ್, ಆಲ್ಕೋಹಾಲ್ ಹಾಕಿ ಉಜ್ಜಬಾರದು, ಚರ್ಮದ ಎಣ್ಣೆ ಹೋಗಿ ಇಂಕು ಇನ್ನೂ ಒಳಗಿಳಿಯುತ್ತದೆ. ಇಂಕಾದ ಬಟ್ಟೆ ಹಾಕಿಕೊಂಡೇ ದಿನ ಕಳೆಯಬಾರದು. ರೂಮಿಗೆ ಎಕ್ಸಾಸ್ಟ್ ಫ್ಯಾನ್ ಇದೆಯಾ? ಪ್ರಿಂಟ್ ಆದ ಬೋರ್ಡ್ ಮುಟ್ಟಿದರೆ ಅಂಟಂಟಾಗಿದೆಯಾ? ಆಗಿದ್ದರೆ ಲ್ಯಾಂಪ್ ಸೋತಿದೆ. ಆಗ ಬೋರ್ಡ್ ಹೊರುವ, ಫಿಟ್ ಮಾಡುವ ಎಲ್ಲರ ಕೈಗೂ ಹಸಿ ಇಂಕು ತಾಗುತ್ತಿದೆ ಅಂತ ಅರ್ಥ.

ಮಷಿನ್ ಆರಿಸುತ್ತಿರುವವರೆಲ್ಲ ಇದನ್ನು ಓದಿ. ಇಲ್ಲಿ ಎಲ್ಲರೂ ಹೆಡ್ ಕೇಳಿದರು, ಬೆಲೆ ಕೇಳಿದರು. ಇಂಕು ಯಾರ ಕೈಯಿಂದ ತುಂಬುತ್ತದೆ ಅಂತ ಒಬ್ಬರೂ ಕೇಳಲಿಲ್ಲ. ತೆರೆದ ಡಬ್ಬಿಗೆ ಸುರಿಯುವ ಮಷಿನ್ನಾ, ಮುಚ್ಚಿದ ಬಾಟಲಿ ಸಿಕ್ಕಿಸುವ ಮಷಿನ್ನಾ ನೋಡಿ. ವೇಸ್ಟ್ ಇಂಕು ಎಲ್ಲಿಗೆ ಬೀಳುತ್ತದೆ ನೋಡಿ. ಕೊಟೇಶನ್ ಜೊತೆ ಎಸ್‌ಡಿಎಸ್ ಕೇಳಿ. ಕೊಡದವರ ಹತ್ತಿರ ಎಷ್ಟೇ ಅಗ್ಗ ಇದ್ದರೂ ತಗೋಬೇಡಿ. ಇಂಕಿನಲ್ಲಿ ಟಿಪಿಒ (ಬೆಳಕಿಗೆ ಇಂಕು ಗಟ್ಟಿಯಾಗುವಂತೆ ಮಾಡುವ ರಾಸಾಯನಿಕ) ಇದೆಯಾ ಅಂತಲೂ ಕೇಳಿ. ಅದನ್ನು ಯುರೋಪಿಯನ್ ಯೂನಿಯನ್ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ, ಯುವಿ ಇಂಕುಗಳಲ್ಲಿ ಬಳಸುವ ಪದಾರ್ಥವೇ ಅದು.

ಗದಗ: ಬೆಲ್ಲ ತಿಂದು ಕೆಲಸ ಶುರು ಮಾಡಿದರೆ ಇಂಕಿನ ವಾಸನೆ ಏನೂ ಮಾಡಲ್ಲ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಗ್ಲೌಸೂ ಬೇಡ. ನಮ್ಮಲ್ಲಿ ಎಲ್ಲರೂ ಹಾಗೇ ಮಾಡುತ್ತೇವೆ.

ಇಂಜಿನಿಯರ್: ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಇಂಕಿನ ಆವಿ ಶ್ವಾಸಕೋಶಕ್ಕೆ ಹೋಗುತ್ತದೆ. ಒಂದಕ್ಕೊಂದು ಸಂಬಂಧ ಇಲ್ಲ. ಕೊಬ್ಬರಿ ಎಣ್ಣೆ ಅಕ್ರಿಲೇಟನ್ನು ತಡೆಯುವುದಿಲ್ಲ. ಗ್ಲೌಸ್ ಬೇಡ ಅಂತ ದಯವಿಟ್ಟು ಯಾರಿಗೂ ಹೇಳಬೇಡಿ. ಮೇಲೆ ಒಬ್ಬ ಹುಡುಗನ ಕೈ ಹಾಳಾಗಿದೆ ಅಂತ ಬರೆದಿದ್ದಾರೆ, ಅದರ ಕೆಳಗೇ ಇದನ್ನು ಬರೆಯುತ್ತೀರಲ್ಲ.

ಗದಗ: ನಾನು ಒಳ್ಳೆಯದಕ್ಕೇ ಹೇಳಿದ್ದು. ದೊಡ್ಡವರು ಮಾಡಿಕೊಂಡು ಬಂದದ್ದು ಸುಳ್ಳಾ?

ಇಂಜಿನಿಯರ್: ದೊಡ್ಡವರ ಕಾಲದಲ್ಲಿ ಯುವಿ ಇಂಕ್ ಇರಲಿಲ್ಲ.

ಪೀಣ್ಯ: ಹುಬ್ಬಳ್ಳಿಯವರೇ, ನಿಮ್ಮ ಜಪಾನ್ ಇಂಕಿನಲ್ಲೂ ಅಕ್ರಿಲೇಟೇ ಇರೋದು, ಓದಿದಿರಾ?

ಹುಬ್ಬಳ್ಳಿ: ಓದಿದೆ. ಆದರೆ ನಮ್ಮ ಇಂಕು ಮುಚ್ಚಿದ ಬಾಟಲಿಯಲ್ಲಿ ಬರುತ್ತೆ, ಎಸ್‌ಡಿಎಸ್ ವೆಬ್‌ಸೈಟಿನಲ್ಲೇ ಇದೆ. ನಿಮ್ಮದು ತೋರಿಸಿ ನೋಡೋಣ.

ಪೀಣ್ಯ: ನಿಮಗೆ ಯಾಕೆ ತೋರಿಸಲಿ?

ಇಂಜಿನಿಯರ್: ಇಬ್ಬರೂ ಸ್ವಲ್ಪ ನಿಲ್ಲಿಸಿ. ಎರಡೂ ಕಡೆ ಒಳ್ಳೆಯ ಮಷಿನ್ ಇವೆ. ಕರೆದಾಗ ಎರಡು ದಿನದಲ್ಲಿ ಬರುವ ಇಂಜಿನಿಯರ್, ರಾಜ್ಯದೊಳಗೇ ಸಿಗುವ ಬಿಡಿಭಾಗ, ಇವು ಇಲ್ಲದಿದ್ದರೆ ಯಾವ ದೇಶದ ಮಷಿನ್ ಆದರೂ ನಿಲ್ಲುತ್ತದೆ. ತಗೊಳ್ಳುವ ಮುಂಚೆ ಅದೇ ಮಷಿನ್ ಎರಡು ವರ್ಷ ಓಡಿಸಿದ ಇಬ್ಬರ ಅಂಗಡಿಗೆ ಹೋಗಿ ನೋಡಿ ಬನ್ನಿ. ಆದರೆ ಪೀಣ್ಯದವರೇ, ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನನಗೆ ಬೇಡ, ನಿಮ್ಮ ಆಪರೇಟರ್‌ಗೆ ತೋರಿಸಿ.

ಮಂಡ್ಯ: ಪ್ರಿಂಟ್ ಕೊಟ್ಟಾಗ ಒತ್ತಕ್ಷರ ಎಲ್ಲ ಬಿಟ್ಟು ಬಿಟ್ಟು ಬರುತ್ತೆ. ಮಷಿನ್ ದೋಷವಾ?

ಪೀಣ್ಯ: ಅಲ್ಲ. ಡಿಸೈನ್ ಮಾಡುವ ಕೋರೆಲ್‌ನಲ್ಲಿ ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಚಿತ್ರದ ಗೆರೆಗಳಾಗಿ ಬದಲಿಸಿ ಕಳಿಸಿ. ಪ್ರಿಂಟ್ ಕೊಡುವ ಮುಂಚೆ ಕನ್ನಡ ಬಲ್ಲವರೊಬ್ಬರು ಓದಲಿ.

ಇಂಜಿನಿಯರ್: ಸರಿಯಾಗಿ ಹೇಳಿದರು.

ಯಾದಗಿರಿ: ಮುದ್ರಾ ಸಾಲದಲ್ಲಿ ಮಷಿನ್ ತಗೊಂಡವರು ಯಾರಾದರೂ ಇದ್ದೀರಾ? ಬ್ಯಾಂಕಿಗೆ ಏನೇನು ಕೊಡಬೇಕು?

ನೆಲಮಂಗಲ: ಸೆಕೆಂಡ್ ಹ್ಯಾಂಡ್ 2513 ಇದೆ, ಒಳ್ಳೆ ಕಂಡೀಷನ್, ಬೇಕಾದವರು ಇನ್‌ಬಾಕ್ಸ್ ಮಾಡಿ.

ಇಂಜಿನಿಯರ್: ಇಲ್ಲಿ ಮಾರಾಟ ಬೇಡ. ಹಾಕುವುದಾದರೆ ಇವತ್ತು ತೆಗೆದ ನಾಝಲ್ ಚೆಕ್ ಫೋಟೋ, ಬಿಳಿ ಬಣ್ಣದ್ದೂ ಸೇರಿಸಿ, ಎಲ್ಲರಿಗೂ ಕಾಣುವ ಹಾಗೆ ಹಾಕಿ.

ಬಳ್ಳಾರಿ: ಐದು ಲಕ್ಷದೊಳಗೆ ಬೆಸ್ಟ್ ಮಷಿನ್ ಯಾವುದು ಸರ್?

ರಾಯಚೂರು: ಎಕ್ಸ್‌ಪಿ600 ಬಗ್ಗೆ ಹೇಳಲೇ ಇಲ್ಲ ಸರ್.

ಇಂಜಿನಿಯರ್: ಬಳ್ಳಾರಿಯವರೇ, ಮೊದಲನೇ ಪೋಸ್ಟಿನ ನಾಲ್ಕು ವಿಷಯ. ರಾಯಚೂರಿನವರೇ, ತುಮಕೂರಿನವರಿಗೆ ಕೊಟ್ಟ ಉತ್ತರ. ಇನ್ನೊಂದು ಸಲ ಬರೆಯುವುದಿಲ್ಲ.

ರಾಯಚೂರು: ಒಂದು ಮಾತು ಹೇಳೋಕೆ ಇಷ್ಟು ಸಿಟ್ಟು ಯಾಕೆ?

ಹುಬ್ಬಳ್ಳಿ: ಮೇಲೆ ಸ್ಕ್ರೋಲ್ ಮಾಡಿ ಸ್ವಾಮಿ, ಅವರು ಪುಕ್ಕಟೆ ಹೇಳುತ್ತಿದ್ದಾರೆ.

ಭದ್ರಾವತಿ: ಸರ್, ಶಿವಮೊಗ್ಗದಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿದೆವು. ಇಂಕಿನ ಅಲರ್ಜಿ ಇರಬಹುದು ಅಂದರು. ನೀವು ಹೇಳಿದ ಕಾಗದವನ್ನೇ ಅವರೂ ಕೇಳಿದರು. ಇಂಕ್ ಕೊಟ್ಟವರು "ಅಂಥದ್ದೆಲ್ಲ ನಮ್ಮ ಹತ್ತಿರ ಇಲ್ಲ, ಯಾರೂ ಕೇಳಿಲ್ಲ" ಅಂತಿದ್ದಾರೆ. ಹುಡುಗ ಲ್ಯಾಟೆಕ್ಸ್ ಗ್ಲೌಸ್ ಹಾಕುತ್ತಿದ್ದ, ವಾರಕ್ಕೊಂದು ಜೊತೆ. ಬೋರ್ಡ್ ಸ್ವಲ್ಪ ಅಂಟಂಟು ಇರುವುದೂ ನಿಜ.

ಇಂಜಿನಿಯರ್: ಡಾಕ್ಟರಿಗೆ ತೋರಿಸಿದ್ದು ಒಳ್ಳೆಯದಾಯಿತು. ಎಸ್‌ಡಿಎಸ್ ಬೇಕು ಅಂತ ಇಮೇಲ್‌ನಲ್ಲಿ ಕೇಳಿ, ಬರೀ ಫೋನಿನಲ್ಲಿ ಬೇಡ. ಬಾಟಲಿಯ ಲೇಬಲ್, ಬ್ಯಾಚ್ ನಂಬರ್ ಎರಡರ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿ, ಇಲ್ಲೂ ಹಾಕಿ. ಅದೇ ಇಂಕು ಬಳಸುವ ಬೇರೆಯವರ ಹತ್ತಿರ ಕಾಗದ ಇರಬಹುದು. ಕೊಡದಿದ್ದರೆ ಇಂಕ್ ಬದಲಿಸಿ. ಬದಲಿಸುವಾಗ ಹಳೆಯದರ ಮೇಲೆ ಹೊಸದು ಸುರಿಯಬೇಡಿ, ಪೈಪು, ಡ್ಯಾಂಪರ್ (ಹೆಡ್ಡಿಗೆ ಮುಂಚೆ ಇಂಕು ನಿಲ್ಲುವ ಸಣ್ಣ ಡಬ್ಬಿ) ಎಲ್ಲ ಪೂರ್ತಿ ಫ್ಲಶ್ ಮಾಡಿಸಬೇಕು, ಇಲ್ಲದಿದ್ದರೆ ಎರಡೂ ಸೇರಿ ಗೋಂದಾಗಬಹುದು. ಲ್ಯಾಂಪಿನ ಗಾಜು ಕೊಳೆಯಾಗಿದೆಯಾ ಅಂತ ಮೊದಲು ನೋಡಿ, ಲ್ಯಾಂಪ್ ಆರಿಸಿ, ತಣ್ಣಗಾದ ಮೇಲೆ, ನೈಟ್ರೈಲ್ ಗ್ಲೌಸ್ ಹಾಕಿಕೊಂಡು. ಕೂಲಿಂಗ್ ಫ್ಯಾನ್ ಓಡುತ್ತಿದೆಯಾ, ನೀರಿನ ಚಿಲ್ಲರ್ ಇದ್ದರೆ ನೀರು ಎಷ್ಟಿದೆ, ಅದನ್ನೂ ನೋಡಿ. ಬಿಸಿಯಾದರೆ ಎಲ್‌ಇಡಿ ಬೆಳಕು ಕುಗ್ಗುತ್ತದೆ.

ಈಗ ಇಂಕು ತುಂಬಿಸುತ್ತಿರುವುದು ಯಾರು?

ಭದ್ರಾವತಿ: ನನ್ನ ತಮ್ಮ ಸರ್.

ಇಂಜಿನಿಯರ್: ಅವನ ಕೈಯಲ್ಲಿ ಯಾವ ಗ್ಲೌಸ್ ಇದೆ?

ಭದ್ರಾವತಿ: ಹಳೇದೇ. ನಾಳೆ ಹೊಸದು ತರಿಸುತ್ತೇನೆ.

ಇಂಜಿನಿಯರ್: ಹಾಗಾದರೆ ನಾಳೆ ಗ್ಲೌಸ್ ಬರುವವರೆಗೆ ಪ್ರಿಂಟಿಂಗ್ ನಿಲ್ಲಿಸಿ. ಬಿಳಿ ಇಂಕಿನ ಪಂಪ್ ಮಾತ್ರ ಓಡಲಿ.